ಕಿಟಕಿ ಪಕ್ಕದ ಜಾಗ

"ಎಂಜಿನ್ನು ಮುಂದ್ಕಿರಲ್ಲ ಕಣ್ರಪ್ಪಾ, ಹಿಂದ್ಕಿರ್ತದ! ಹಿಂದಿಂದ ತಳ್ತಾ ತಳ್ತಾ ಬೆಟ್ಟ ಹತ್ತುಸ್ತದ. ಕಿಟ್ಕೀಲಿ ತಲೆ ಆಕ್ಬುಟ್ರೆ ಸಾಕು, ಕೆಳಗೆ ಮೋಡ, ಮ್ಯಾಲೆ ಬಿಸ್ಲು. ಸ್ವರ್ಗ ಕಣ್ರಪ್ಪಾ, ಸ್ವರ್ಗ!"

ಶಿವಮಲ್ಲಪ್ಪನ ಬಾಯಲ್ಲಿ ಪಾಯಸದಲ್ಲಿ ನೆನೆದ ಒಬ್ಬಟ್ಟಿತ್ತು. ಸ್ವರ್ಗ ಎನ್ನುವಾಗ ಅದರ ಒಂದು ಚೂರು ಹಾರಿ ಎದುರು ಪಂಕ್ತಿಯವನ ನೀರಿನ ಲೋಟಕ್ಕೆ ಬಿತ್ತು. ಅದನ್ನು ಅವನು ನೋಡಲಿಲ್ಲ, ಲೋಟದವನೂ ನೋಡಲಿಲ್ಲ. ಜಗಲಿಯ ಮೇಲೆ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ರಂಗನಾಯಕ ಮಾತ್ರ ನೋಡಿದ. ನೋಡಿ, ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಎಲೆಗೇ ಇಳಿಸಿಬಿಟ್ಟ.

ಹರವೆಯ ಆ ಮನೆಯಲ್ಲಿ ಅಂದು ಕಾಶಿ ಸಮಾರಾಧನೆ. ದೀಪಾವಳಿ ಕಳೆದ ಮೇಲೆ ದೊಡ್ಡವ್ವ ಪುಟ್ಟಮಲ್ಲಮ್ಮನನ್ನು ಕಾಶಿಗೆಂದು ಚಾಮರಾಜನಗರದಲ್ಲಿ ರೈಲು ಹತ್ತಿಸಿಕೊಂಡು ಹೋದ ಶಿವಮಲ್ಲಪ್ಪ, ಸಂಕ್ರಾಂತಿಯ ಹೊತ್ತಿಗೆ ಒಬ್ಬನೇ ತಿರುಗಿ ಬಂದಿದ್ದ. ಮುದುಕಿ ಗಂಗೆಯ ದಡದಲ್ಲೇ ಕಣ್ಣು ಮುಚ್ಚಿದಳು ಎಂದಿದ್ದ. ಎಂಥ ಪುಣ್ಯವಂತೆ ಎಂದು ಊರು ಕೈ ಮುಗಿದಿತ್ತು.

ನಂಬದೇ ಇದ್ದವಳು ಒಬ್ಬಳೇ, ಮುದುಕಿಯ ಹೊಲದಲ್ಲಿ ಜೀವಮಾನವೆಲ್ಲ ದುಡಿದ ದೊಡ್ಡಮಾದಮ್ಮ. ಹರವೆಯಿಂದ ಚಾಮರಾಜನಗರಕ್ಕೆ ನಡೆದೇ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

"ಕಾಶಿಗೋಗ್ಬಂದೋರ ಕಾಲು ಊದಿರ್ತದ ಬುದ್ಧಿ," ಎಂದಿದ್ದಳು. "ಇವನ್ ಕಾಲ ನೋಡಿ, ಮದ್ವೆ ಗಂಡಿನ ಕಾಲಿದ್ದಂಗದ. ನಮ್ಮವ್ವನ್ನ ಎಲ್ಲೋ ಏನೋ ಮಾಡ್ಬುಟ್ಟವ್ನೆ."

ಪುಟ್ಟಮಲ್ಲಮ್ಮ ಮಕ್ಕಳಿಲ್ಲದ ವಿಧವೆ. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಕೆರೆಯ ಕೆಳಗಿನ ತೆಂಗಿನ ತೋಟ ಅವಳದು. "ನನ್ನ ಕಾಶಿಗೆ ಕರ್ಕಂಡೋಗಿ ಗಂಗೇಲಿ ಮುಳುಗ್ಸಿದೋನ್ಗೆ ಈ ತ್ವಾಟ" ಎಂದು ಚಾವಡಿಯಲ್ಲಿ ಎಲ್ಲರೆದುರು ಆಡಿದ್ದಳು. ಆ ಮಾತಿನ ಪ್ರಕಾರ ಇಂದು ಊಟ ಮುಗಿದ ಮೇಲೆ ಹಿರಿಯರು ತೋಟವನ್ನು ಶಿವಮಲ್ಲಪ್ಪನಿಗೆ ಒಪ್ಪಿಸುವವರಿದ್ದರು. ಒಪ್ಪಿಸಿ ಎಲೆಯಡಿಕೆ ಹಾಕಿಕೊಂಡು ಎದ್ದರೆಂದರೆ, ಪುಟ್ಟಮಲ್ಲಮ್ಮ ಎಲ್ಲಿ ಎಂದು ಕೇಳುವವರು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ, ಒಬ್ಬ ಕೂಲಿ ಹೆಂಗಸನ್ನು ಬಿಟ್ಟರೆ.

ಅದಕ್ಕೇ ರಂಗನಾಯಕ ಕರೆಯದೇ ಇದ್ದರೂ ಊಟಕ್ಕೆ ಬಂದಿದ್ದ. ಅವನ ಎಲೆಯನ್ನು ಪಂಕ್ತಿಯಿಂದಾಚೆ ಜಗಲಿಯ ಮೇಲೆ ಒಂಟಿಯಾಗಿ ಹಾಕಿದ್ದರು. ಅಧಿಕಾರಿ ಎಂಬ ಗೌರವಕ್ಕೋ, ಹೆಸರಿನ ತುದಿಯಲ್ಲಿದ್ದ ನಾಯಕನಿಗೋ, ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಅಲ್ಲಿಂದ ನಡುಮನೆಯೆಲ್ಲ ಚೆನ್ನಾಗಿ ಕಾಣುತ್ತಿತ್ತು.

"ಎರಡೂ ಕಡೆ ಟೀ ಗಿಡ! ಚಾಪೆ ಹಾಸ್ದಂಗೆ! ಸುರಂಗಕ್ಕೆ ನುಗ್ತದಲ್ಲ, ಗವ್ವನ್ನೋ ಕತ್ಲು, ಈಚೆಗೆ ಬಂದ್ರೆ ಜಲಪಾತ! ಆ ತಣ್ಣನೆ ಗಾಳಿ ಮೊಕಕ್ಕೆ ಒಡೀತಿದ್ರೆ ಅಸಿವೂ ಗ್ಯಾನ ಇರಲ್ಲ, ನಿದ್ದೇನೂ ಗ್ಯಾನ ಇರಲ್ಲ."

"ನಮ್ಗೆಲ್ಲಿ ಬಂತಪ್ಪ ಅಂಥ ಬಾಗ್ಯ," ಎಂದು ಪಕ್ಕದ ಮುದುಕ ನಿಟ್ಟುಸಿರು ಬಿಟ್ಟು ಎಣ್ಣೆಗಾಯಿ ಬಾಯಿಗಿಟ್ಟ.

ರೈಲು ಎಂದರೆ ರಂಗನಾಯಕನಿಗೆ ಅಸಹ್ಯ. ಚಾಮರಾಜನಗರಕ್ಕೆ ಬರುವ ಮೊದಲು ಅವನು ರೈಲ್ವೆ ಪೊಲೀಸಿನಲ್ಲಿದ್ದ. ಜೇಬುಗಳ್ಳರ ಬೆನ್ನು ಹತ್ತಿ ಮೂರನೇ ಕ್ಲಾಸಿನ ಮೂಲೆಯಲ್ಲಿ ಮುದುರಿಕೊಂಡು ಗುಂತಕಲ್ಲಿನಾಚೆಗೆ, ಇಟಾರ್ಸಿಯಾಚೆಗೆ ಅಲೆದವನು. ಕಣ್ಣೊಳಗೆ ಕಲ್ಲಿದ್ದಲ ಪುಡಿ, ಬೆನ್ನಿಗೆ ಯಾರದೋ ಮೊಣಕಾಲು, ಕಾಲಡಿಯಲ್ಲಿ ಯಾರದೋ ಮಗುವಿನ ಉಚ್ಚೆ. ಕಿತ್ತಳೆ ಸಿಪ್ಪೆ, ಬೀಡಿ ತುಂಡು, ವೀಳ್ಯದ ಉಗುಳು, ಅದರ ಮೇಲೇ ಟವೆಲ್ಲು ಹಾಸಿ ಬಾಯಿ ತೆರೆದು ಮಲಗಿದವರು. ಕಕ್ಕಸಿನ ಬಾಗಿಲು ತೆರೆದರೆ ಅಲ್ಲೂ ಒಬ್ಬ ಪೆಟ್ಟಿಗೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಅದನ್ನು ಕಂಡ ದಿನ ರಂಗನಾಯಕ ಅವಲಕ್ಕಿ ತಿನ್ನುವುದನ್ನೇ ನಿಲ್ಲಿಸಿದ. ವರ್ಗಕ್ಕೆ ಅರ್ಜಿ ಹಾಕಿದ್ದೂ ಅದೇ ವಾರ.

ರೈಲಿನ ಸೊಬಗನ್ನು ಹೊಗಳುವವರು ಒಂದೋ ಮೊದಲನೇ ಕ್ಲಾಸಿನಲ್ಲಿ ಕಾಲು ಚಾಚಿದವರು, ಇಲ್ಲವೇ ರೈಲನ್ನೇ ಹತ್ತದವರು ಎಂಬುದು ಅವನ ಖಚಿತ ಅಭಿಪ್ರಾಯ. ಕಾಶಿಗೆ ಹೋಗಿ ಬಂದ ಎಷ್ಟು ಜನರನ್ನು ಅವನು ನೋಡಿಲ್ಲ? ಅವರು ಮೊದಲು ಹೇಳುವುದು ಗಂಗೆಯ ಮಾತಲ್ಲ. ನೀರು ಸಿಗಲಿಲ್ಲ, ಗಂಟು ಕಳೆಯಿತು, ಹೊಟ್ಟೆ ಕೆಟ್ಟಿತು, ಕಾಲು ಮಡಚಲು ಜಾಗವಿರಲಿಲ್ಲ. ಅದನ್ನೆಲ್ಲ ಉಗಿದು ಮುಗಿಸಿದ ಮೇಲೆ ವಿಶ್ವನಾಥ. ಈ ಶಿವಮಲ್ಲಪ್ಪನ ಬಾಯಲ್ಲಿ ಮಸಿಯ ಸುದ್ದಿಯೇ ಇರಲಿಲ್ಲ. ಸೊಳ್ಳೆಯಿಲ್ಲ, ಬೆವರಿಲ್ಲ, ಜಗಳವಿಲ್ಲ. ಬರೀ ಮೋಡ, ಬರೀ ಜಲಪಾತ.

ಮೇಲಾಗಿ ಕಾಶಿಯ ದಾರಿಯಲ್ಲಿ ಟೀ ಗಿಡ ಎಲ್ಲಿಂದ ಬಂತು? ಹಿಂದಿನಿಂದ ತಳ್ಳುವ ಎಂಜಿನ್ನು ರಂಗನಾಯಕನಿಗೆ ತಿಳಿದಂತೆ ಒಂದೇ ಕಡೆ, ಊಟಿಯ ಬೆಟ್ಟದ ರೈಲಿಗೆ. ಈ ಮಹಾನುಭಾವ ಹೊಟ್ಟೆ ತುಂಬ ಉಣ್ಣುತ್ತ ಊಟಿಯನ್ನು ಕಾಶಿಯ ದಾರಿಗೆ ಎಳೆದು ತಂದಿದ್ದ.

ಅಷ್ಟರಲ್ಲಿ ಕಾನ್‌ಸ್ಟೇಬಲ್ ನಿಂಗಯ್ಯ ಬೆವರು ಒರೆಸಿಕೊಳ್ಳುತ್ತ ಜಗಲಿಗೆ ಬಂದ. ಮೈಮೇಲೆ ಸಾದಾ ಪಂಚೆ, ಅಂಗಿ. ಅವನನ್ನು ರಂಗನಾಯಕ ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಅಟ್ಟಿದ್ದ. ಶಿವಮಲ್ಲಪ್ಪನ ಹೆಗಲ ಮೇಲಿನ ಹೊಸ ಟವೆಲ್ಲಿನಲ್ಲಿ ಗುಂಡ್ಲುಪೇಟೆಯ ಜವಳಿ ಅಂಗಡಿಯ ಮುದ್ರೆಯಿತ್ತು. ಕಾಶಿಯಿಂದ ಬಂದವನಿಗೆ ಗುಂಡ್ಲುಪೇಟೆಯ ಟವೆಲ್ಲು ಯಾಕೆ ಎಂಬುದಷ್ಟೇ ಅವನ ಅನುಮಾನ.

ನಿಂಗಯ್ಯ ಕಿವಿಯ ಹತ್ತಿರ ಬಗ್ಗಿದ. "ಅಲ್ಲೇ ಇದ್ದ ಸಾರ್. ಬಸ್ ನಿಲ್ಲೋ ಜಾಗದಲ್ಲಿ ಬಸವಣ್ಣನ ಓಟ್ಲದಲ್ಲ, ಅದ್ರ ಅಟ್ಟದ ಮ್ಯಾಲೆ. ಕಾಶಿಗೋಗಿದ್ದೆ ಅಂತಾನಲ್ಲ, ಅಷ್ಟು ದಿನ್ವೂ ಅಲ್ಲೇಯ. ಇಸ್ಪೀಟು, ಬೋಂಡ, ನಿದ್ದೆ."

"ಮುದುಕಿ?"

"ಮುದ್ಕಿ ನೆಳ್ಳೂ ನೋಡ್ಲಿಲ್ಲ ಅಂತಾನೆ ಬಸವಣ್ಣ. ಒಬ್ನೇ ಬಂದ, ಒಬ್ನೇ ಓದ. ಊಟಿ ಕಡೆಯಿಂದ ಬರೋ ಜನ ಕಾಪಿಗೆ ಇಳೀತಾರಲ್ಲ ಸಾರ್, ಅವ್ರು ಬೆಟ್ಟದ್ ರೈಲಿನ್ ಕತೆ ಬುಟ್ರೆ ಇವ್ನು ಬಾಯ್ ಬುಟ್ಕಂಡ್ ಕೇಳ್ತಿದ್ನಂತೆ."

ರಂಗನಾಯಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಳಗೆ ಆ ಮನುಷ್ಯ ಬೆರಳಿನ ಸಂದಿಯನ್ನೆಲ್ಲ ನೆಕ್ಕುತ್ತಿದ್ದ. ಮುದುಕಿ ರೈಲು ಹತ್ತಿದ್ದನ್ನು ಚಾಮರಾಜನಗರದ ಸ್ಟೇಷನ್ನಿನಲ್ಲಿ ಊರಿನವರೇ ಹಾರ ಹಾಕಿ ನೋಡಿದ್ದಾರೆ. ಇವನು ಗುಂಡ್ಲುಪೇಟೆಯ ಅಟ್ಟದಲ್ಲಿ ಮಲಗಿದ್ದನ್ನು ಬಸವಣ್ಣ ನೋಡಿದ್ದಾನೆ. ಈ ಎರಡರ ನಡುವೆ ಮುದುಕಿ ಎಲ್ಲಿ ಜಾರಿಹೋದಳು? ಯಾವ ಹಳ್ಳದಲ್ಲಿ, ಯಾವ ಹಾಳು ಬಾವಿಯಲ್ಲಿ ಹುಡುಕಬೇಕು?

ಅವನ ಲೆಕ್ಕವನ್ನು ಕೆಡಿಸುತ್ತಿದ್ದದ್ದು ಇನ್ನೊಂದು. ದೇವರ ಗೂಡಿನ ಮುಂದೆ, ಹೂವು ಏರಿಸಿಕೊಂಡು, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ ಕೂತಿತ್ತು. ಗಂಗೆಯ ಗಿಂಡಿ. ಬೆಳಿಗ್ಗೆ ಬಂದ ಕೂಡಲೇ ಅವನು ಅದನ್ನು ಕೈಗೆತ್ತಿಕೊಂಡು ನೋಡಿದ್ದ. ಅಪ್ಪಟ ಕಾಶಿಯದು. ರೈಲಿನಲ್ಲಿ ಅಂಥವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡವರನ್ನು ಎಷ್ಟೋ ಸಲ ಕಂಡಿದ್ದ. ಅದನ್ನು ಇನ್ನೊಬ್ಬರಿಗೆ ಮಾರುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ. ಶಿವಮಲ್ಲಪ್ಪ ಕಾಶಿಗೆ ಹೋಗಿಲ್ಲ. ಗಿಂಡಿ ಬಂದಿದೆ. ಹಾಗಾದರೆ ತಂದವರು ಯಾರು?

ರಂಗನಾಯಕ ಕೈ ತೊಳೆದುಕೊಂಡು ಬಂದು ಹೊಸ್ತಿಲ ಹತ್ತಿರ ನಿಂತ. ಎಲ್ಲರಿಗೂ ಕೇಳುವಂತೆ ಕೇಳಿದ.

"ಏನ್ ಶಿವಮಲ್ಲಪ್ಪಾ, ಕಾಶೀಲಿ ಏನ್ ಬುಟ್ಟೆ?"

ಇಷ್ಟವಾದ ಒಂದು ಕಾಯನ್ನೋ ಹಣ್ಣನ್ನೋ ಗಂಗೆಗೆ ಬಿಟ್ಟು, ಸಾಯುವ ತನಕ ಅದನ್ನು ಬಾಯಿಗಿಡದಿರುವುದು ಕಾಶಿಗೆ ಹೋದವರ ಕಟ್ಟಳೆ. ಊರಿಗೆ ಕಾಲಿಟ್ಟವರನ್ನು ಜನ ಮೊದಲು ಕೇಳುವ ಪ್ರಶ್ನೆಯೂ ಅದೇ. ಶಿವಮಲ್ಲಪ್ಪನನ್ನು ಯಾರೂ ಕೇಳಿರಲಿಲ್ಲ. ಸಾವಿನ ಸುದ್ದಿ ತಂದವನನ್ನು ಸೌತೆಕಾಯಿ ಬಿಟ್ಟೆಯಾ, ಸೀಬೆಹಣ್ಣು ಬಿಟ್ಟೆಯಾ ಎಂದು ಕೇಳಲು ಯಾರಿಗೆ ನಾಲಿಗೆ ಏಳುತ್ತದೆ? ಕೇಳದ್ದರಿಂದ ಅವನು ಉತ್ತರವನ್ನೂ ಯೋಚಿಸಿ ಇಟ್ಟುಕೊಂಡಿರಲಿಲ್ಲ.

"ಬುಡೋದಾ? ಆಂ... ಬುಟ್ಟೆ ಸ್ವಾಮಿ. ಬುಡ್ದೆ ಇರಕಾಯ್ತದಾ? ಬದ್ನೆಕಾಯ್ ಬುಟ್ಟೆ."

ಎಲ್ಲರ ಕಣ್ಣೂ ಅವನ ಎಲೆಯ ತುದಿಗೆ ಹೋಯಿತು. ಅಲ್ಲಿ ಎಣ್ಣೆಗಾಯಿಯ ತೊಟ್ಟುಗಳು ಸಾಲಾಗಿ ಬಿದ್ದಿದ್ದವು, ಒಂದೊಂದನ್ನೂ ಚೀಪಿ ಬೆಳ್ಳಗೆ ಮಾಡಲಾಗಿತ್ತು.

"ಗ್ಯಾನ ತಪ್ಪೋಯ್ತು," ಎಂದು ಅವನು ತೊಟ್ಟುಗಳನ್ನು ಅನ್ನದಡಿಗೆ ತಳ್ಳಿದ. "ಸಂಕಟದಲ್ಲಿ ಮನ್ಸಂಗೆ ಏನ್ ಗ್ಯಾನ ಇರ್ತದ ಸ್ವಾಮಿ? ದೊಡ್ಡವ್ವನ್ ಚಿಂತೇಲಿ..."

ಎಂಜಲು ಕೈಯಲ್ಲೇ ಕಣ್ಣೊರೆಸಿಕೊಂಡ. ರೆಪ್ಪೆಗೆ ಪಾಯಸದ ಶ್ಯಾವಿಗೆ ಅಂಟಿತು. ರಂಗನಾಯಕನಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಕತ್ತಿನ ಪಟ್ಟಿ ಹಿಡಿದು ಎಬ್ಬಿಸಬಹುದಿತ್ತು. ಆದರೆ ಇವನನ್ನು ಎಬ್ಬಿಸಿದರೆ ಸಿಗುವುದು ಒಬ್ಬ ಸುಳ್ಳುಗಾರ, ಮುದುಕಿಯಲ್ಲ. ಅವನು ಹಲ್ಲು ಕಚ್ಚಿಕೊಂಡು ಜಗಲಿಗೆ ಹೋಗಿ ಕೂತ.

ಗಂಡಸರು ಎದ್ದರು. ಎಲೆ ತೆಗೆದು ಗೋಮಯ ಬಳಿದ ಮೇಲೆ ಹೆಂಗಸರ ಪಂಕ್ತಿ ಕೂತಿತು. ಕೊನೆಯಲ್ಲಿ ಶಿವಮಲ್ಲಪ್ಪನ ಹೆಂಡತಿ ಶಾಂತಮಲ್ಲಮ್ಮ ಸೆರಗು ಬಿಗಿದುಕೊಂಡು ಕೂತಳು. ಗಂಡ ಕಾಶಿಗೆ ಹೋದ ಕಾಲದಲ್ಲಿ ತಾನು ಪುಣಜನೂರಿನ ತೌರಿನಲ್ಲಿದ್ದೆ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಹೆಚ್ಚು ಮಾತಿಲ್ಲದ, ಕೆಲಸದಲ್ಲಿ ಸವೆದ ಹೆಂಗಸು. ರಂಗನಾಯಕ ಅವಳನ್ನು ಎರಡನೇ ಸಲ ಕೇಳುವ ಗೋಜಿಗೇ ಹೋಗಿರಲಿಲ್ಲ.

ಬಡಿಸುವವಳು ಅವರೆಕಾಳಿನ ಹುಳಿ ತಂದಳು. ಹೊಸ ಅವರೆ, ಸೊಗಡು ಜಗಲಿಯ ತನಕ ಬರುತ್ತಿತ್ತು. ಶಾಂತಮಲ್ಲಮ್ಮ ತಟ್ಟನೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಬ್ಯಾಡ ಬುಡು."

"ಅಯ್ ಇದ್ಯಾಕಮ್ಮಿ, ನಿಂಗೆ ಅಂತ್ಲೇ ಜಾಸ್ತಿ ಆಕುಸ್ದೆ!"

"ಒಟ್ಟೆ ಸರಿಯಿಲ್ಲ ಕಣಕ್ಕ."

ಹೊಟ್ಟೆ ಸರಿಯಿಲ್ಲದವಳು ಒಬ್ಬಟ್ಟು ಹಾಕಿಸಿಕೊಂಡಳು, ತುಪ್ಪವನ್ನೂ ಹಾಕಿಸಿಕೊಂಡಳು.

ರಂಗನಾಯಕ ಎದ್ದು ಮನೆಯನ್ನು ಬಳಸಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಬೇಲಿಯ ಪಕ್ಕ ದೊಡ್ಡಮಾದಮ್ಮ ತಟ್ಟೆ ಹಿಡಿದು ಕೂತಿದ್ದಳು. ಅವಳಿಗೆ ಇನ್ನೂ ಯಾರೂ ಬಡಿಸಿರಲಿಲ್ಲ.

"ದೊಡ್ಡಮಾದಮ್ಮ, ಶಾಂತಮಲ್ಲಮ್ಮನಿಗೆ ಅವರೆಕಾಯಿ ಆಗಲ್ಲವಾ?"

"ಅಯ್ಯೋ ಬುದ್ಧಿ, ಅವರೆ ಅಂದ್ರೆ ಪ್ರಾಣ ಬುಡ್ತಿತ್ತು! ಒಲದಲ್ಲಿ ನಿಂತ್ಕಂಡು ಹಸೀದ್ನೇ ಬಿಡುಸ್ಕಂಡ್ ತಿಂತಿತ್ತು. ಈ ಸಲ ಅದೇನಾಯ್ತೋ ಕಾಣೆ, ಕುಯ್ಕಂಡ್ ಬಂದ್ ಕೊಟ್ರೂ ಮುಟ್ನಿಲ್ಲ."

ರಂಗನಾಯಕ ಅಲ್ಲೇ ನಿಂತ. ಇಷ್ಟು ದಿನ ಅವನು ತಪ್ಪು ಮನುಷ್ಯನ ಕಾಲು ನೋಡುತ್ತಿದ್ದ.

ಗಂಡ ಹೆಂಡಿರಿಬ್ಬರನ್ನೂ ನಿಂಗಯ್ಯ ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಬಂದ. ಶಿವಮಲ್ಲಪ್ಪ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡೇ ಬಂದ.

"ಬಸವಣ್ಣ ನಿನ್ನ ಕೇಳಿದ," ಎಂದ ರಂಗನಾಯಕ. "ಅಟ್ಟದ ಮೇಲೆ ನಿನ್ನ ಚಾಪೆ ಹಾಗೇ ಇದೆಯಂತೆ."

ಶಿವಮಲ್ಲಪ್ಪನ ದವಡೆ ಆಡುವುದು ನಿಂತಿತು. ಕೆಂಪು ರಸ ಗಲ್ಲದ ಮೇಲೆ ಇಳಿಯಿತು.

"ಯಾವ್ ಬಸವಣ್ಣ ಸ್ವಾಮಿ?"

"ನಿಂಗಯ್ಯ, ಕೋಳ ತಂದಿದೀಯೇನಯ್ಯ?"

"ತಂದಿವ್ನಿ ಸಾರ್."

ಅಷ್ಟೇ ಸಾಕಾಯಿತು. ಶಿವಮಲ್ಲಪ್ಪ ದೊಪ್ಪನೆ ಹುಲ್ಲಿನ ಮೇಲೆ ಕೂತು ಎದೆ ಬಡಿದುಕೊಂಡ. "ನಾನ್ ಓಗ್ನಿಲ್ಲ ಸ್ವಾಮಿ! ಓಗ್ನಿಲ್ಲ! ಆದ್ರೆ ಕೊಲೆಗಿಲೆ ನಂಗೊತ್ತಿಲ್ಲ, ಮಾದಪ್ಪನಾಣೆ! ಚಾಮ್ರಾಜ್ನಗರದಲ್ಲಿ ದೊಡ್ಡವ್ವನ್ ಜೊತ್ಗೆ ಹತ್ದೆ. ನಂಜನಗೂಡಲ್ಲಿ ಇಳ್ಕಂಡೆ. ಇವ್ಳು ಮೊದ್ಲೇ ಬಸ್ಸಲ್ಲಿ ಅಲ್ಲಿಗ್ ಬಂದಿದ್ಲು, ಇವ್ಳ ಹತ್ತುಸ್ಬುಟ್ಟು ನಾನ್ ಗುಂಡ್ಲುಪೇಟೆ ಬಸ್ ಹಿಡ್ದೆ. ನಂಜನಗೂಡಲ್ಲಿ ಒಂದ್ ಕಾಶಿ ಗುಂಪೇ ಹತ್ತದಿತ್ತು, ಅವ್ರ ಕೈಗ್ ಒಪ್ಪುಸ್ದೆ. ಪರ್ದೇಶದ ಜನ ಅಲ್ಲ ಸ್ವಾಮಿ, ಒಳ್ಳೇರು, ಭಜ್ನೆ ಮಾಡೋರು."

"ಮುದುಕಿ ಸುಮ್ಮನೆ ಹೋದಳಾ?"

"ನಂಗೆ ಒಟ್ಟೆನೋವು, ಮುಂದಿನ್ ರೈಲ್ಗೆ ಬತ್ತೀನಿ ಅಂದೆ. ಬಯ್ಕಂಡು ಓಯ್ತು."

"ನೀನ್ಯಾಕೆ ಹೋಗಲಿಲ್ಲ?"

ಶಿವಮಲ್ಲಪ್ಪ ಮುಖ ಕಿವುಚಿದ. "ಆ ಗಲೀಜಲ್ಲಿ ಯಾರ್ ಕುಂತಾರು ಸ್ವಾಮಿ? ಒಂದ್ಸಲ ಮೈಸೂರ್‍ಗೋಗೇ ಸಾಕಾಗಿತ್ತು. ಉಗುಳು, ಉಚ್ಚೆ, ಮಸಿ. ಆ ಕಕ್ಕಸ್ ನೋಡಿದ್ರೆ ಮನ್ಸ ಅನ್ನೋನು ಅನ್ನ ಬುಡ್ಬೇಕು. ನಂಗಾಗಲ್ಲ ಸ್ವಾಮಿ, ಅಸಯ್ಯ ಆಯ್ತದ."

ಊಟದ ಹೊತ್ತಿನಲ್ಲಿ ರಂಗನಾಯಕನ ತಲೆಯಲ್ಲಿ ಓಡಿದ್ದ ಮಾತೇ ಅದು. ತಾನು ಇಷ್ಟು ವರ್ಷ ಜೋಪಾನ ಮಾಡಿಕೊಂಡ ಅಸಹ್ಯ ಈ ಮನುಷ್ಯನ ಕೆಂಪು ಬಾಯಿಂದ ಹೊರಬಿದ್ದದ್ದನ್ನು ಕೇಳಿ ಅವನಿಗೆ ಇನ್ನಷ್ಟು ಅಸಹ್ಯವಾಯಿತು. ತಾನು ಕೂರಲಾರದ ಜಾಗಕ್ಕೆ ಕಣ್ಣು ಕಾಣದ ಮುದುಕಿಯನ್ನೂ ಹೆಂಡತಿಯನ್ನೂ ತಳ್ಳಿ, ಬೋಂಡ ತಿನ್ನುತ್ತ ಕೂತಿದ್ದವನು!

"ಆಮೇಲೆ?"

"ಇವ್ಳು ಗುಂಪಿನ್ ಜೊತೆ ವಾಪಸ್ ಬಂದ್ಲು. ಗಿಂಡಿ ತಂದಿದ್ಲು. ದೊಡ್ಡವ್ವ ಅಲ್ಲೇ ಹೊಂಟೋಯ್ತು, ಗಂಗೇಗೆ ಬುಟ್ಟೊ ಅಂದ್ಲು. ಹೊಂಟೋದ್ ಮೇಲೆ ಏನ್ ಮಾಡದು ಸ್ವಾಮಿ? ನಾನೇ ಕರ್ಕಂಡೋದೆ ಅಂದೆ. ಅದೊಂದೇ ನನ್ ತಪ್ಪು."

ರಂಗನಾಯಕ ಶಾಂತಮಲ್ಲಮ್ಮನ ಕಡೆ ತಿರುಗಿದ. ಅವಳು ಹುಲ್ಲಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದಿಂದ ನಿದ್ದೆಯಿಲ್ಲದವಳ ಮುಖ.

"ಅವರೆಕಾಯಿ ಬಿಟ್ಟೆ ಅಲ್ಲವೇನಮ್ಮ ಗಂಗೆಗೆ?"

"ಊಂ."

"ನಿಮ್ಮತ್ತೆ ಏನು ಬಿಟ್ಟಳು?"

ಎಳೆ ಸುತ್ತುತ್ತಿದ್ದ ಬೆರಳು ನಿಂತಿತು.

"ಏನು ಬಿಟ್ಟಳಮ್ಮ? ಕೈ ಹಿಡಿದು ಮುಳುಗಿಸಿದವಳು ನೀನೇ ತಾನೆ?"

"ಅತ್ತೆಮ್ಮ ಕಾಶಿಗ್ ಬರ್‍ಲಿಲ್ಲ ಬುದ್ಧಿ."

ಶಿವಮಲ್ಲಪ್ಪ ತಲೆಯೆತ್ತಿದ. "ಏನಮ್ಮಿ ಅಂದೆ?"

ಅವಳು ಗಂಡನ ಕಡೆ ನೋಡಲೇ ಇಲ್ಲ. ರಂಗನಾಯಕನಿಗೇ ಹೇಳಿದಳು, ಮೆಲ್ಲಗೆ, ತಡೆಯಿಲ್ಲದೆ.

"ನಾನ್ ಹುಟ್ಟಿದ್ದು ಪುಣಜನೂರು, ಮದ್ವೆಯಾಗ್ ಬಂದಿದ್ದು ಹರವೆ. ಇನ್ನೇನೂ ನೋಡ್ದೋಳಲ್ಲ. ರೈಲ್ ಹತ್ತಿದ್ದೇ ಅವತ್ತು. ಗಲೀಜಿತ್ತು ಬುದ್ಧಿ, ಇಲ್ಲ ಅನ್ನಲ್ಲ. ಆದ್ರೆ ಕಿಟ್ಕೀಲಿ ಏನೇನ್ ಓಡ್ತಿತ್ತು! ಹೊಲ, ಬೆಟ್ಟ, ಒಂಟೆ, ಕರೀ ಮಣ್ಣು, ಸೂರ್ಯಕಾಂತಿ ಬಣ್ಣದ ಸೀರೆ ಉಟ್ಕಂಡು ಹತ್ತಿ ಬಿಡುಸೋ ಹೆಂಗುಸ್ರು. ನಂಗೆ ತಲೆ ಸಂದೀಲಿ ಇಷ್ಟಿಷ್ಟೇ ಕಾಣ್ತಿತ್ತು. ಕಿಟ್ಕಿ ಪಕ್ಕ ಅತ್ತೆಮ್ಮ ಕುಂತಿತ್ತು. ಕಣ್ ಕಾಣಲ್ಲ ಅದ್ಕೆ. ಹಗ್ಲೂ ಒಂದೇ ರಾತ್ರೀನೂ ಒಂದೇ. ಒಂದ್ ಗಳ್ಗೆ ಬುಟ್ಕೊಡು ಅತ್ತೆಮ್ಮ, ನೋಡ್ತೀನಿ ಅಂದೆ. ತೊಡೆ ಜಿಗುಟ್ತು. 'ನೋಡಕ್ ಬಂದಿದ್ದೀಯಾ, ನನ್ ಕಾಲ್ ಒತ್ತಕ್ ಬಂದಿದ್ದೀಯಾ' ಅಂತು."

ಅವಳು ಹುಲ್ಲಿನ ಎಳೆಯನ್ನು ಬೆರಳಿನಿಂದ ಬಿಚ್ಚಿದಳು.

"ಒಂದ್ ಟೇಸನ್ನಲ್ಲಿ ನಿಂತ್ಕತು. ಗುಂಪ್ನೋರೆಲ್ಲ ಮಲಗಿದ್ರು. ನೀರ್ ತತ್ತೀನಿ ಅಂದೆ. ನೀನು ಚೆಲ್ತೀಯ ಅಂತ ಅದೇ ಇಳೀತು, ಚೊಂಬ್ ಹಿಡ್ಕಂಡು, ಡಬ್ಬಿ ತಡ್ವರಿಸ್ಕಂಡು. ಇಳಿದ್ ತಕ್ಷಣ ನಾನ್ ಜರುಗ್ಬುಟ್ಟೆ. ಕಿಟ್ಕಿ ಪಕ್ಕಕ್ಕೆ."

"ರೈಲು ಹೊರಟಿತು."

"ಹೊರುಟ್ತು. ಅತ್ತೆಮ್ಮ ಚೊಂಬ್ ಬಿಸಾಕಿ ಓಡ್ ಬಂತು. ಕಂಬೀಲಿ ಕೈ ಹಾಕಿ ಹಿಡ್ಕಬಹುದಿತ್ತು. ಅಷ್ಟ್ ಹತ್ರ ಇತ್ತು. ಕೂಗಿದ್ರೆ ಗುಂಪ್ನೋರು ಏಳ್ತಿದ್ರು. ನಾನು ಕೂಗ್ನಿಲ್ಲ. ಈ ಕಡೆ ತಿರುಗ್ದೆ. ಒಂದ್ ದೊಡ್ ಹೊಳೆ ಬಂತು ಬುದ್ಧಿ, ಆ ಕಡೆ ದಡ ಕಾಣ್ದಂಗೆ. ಕತ್ಲಾಗೋಗಂಟ ನೋಡ್ತಾ ಕುಂತಿದ್ದೆ. ನನ್ ಜೀವ್ದಲ್ಲಿ ಅಷ್ಟ್ ಚಂದಾಗಿರೋದ್ ನೋಡಿರ್‍ಲಿಲ್ಲ."

ನಿಂಗಯ್ಯ ಮುಖ ಆಚೆ ತಿರುಗಿಸಿಕೊಂಡ. ರಂಗನಾಯಕ ಕೊಲೆಗಾರರ ಮಾತು ಕೇಳಿದ್ದಾನೆ, ಹೆಣ ಹೊತ್ತಿದ್ದಾನೆ, ಇಂಥದ್ದನ್ನು ಕೇಳಿರಲಿಲ್ಲ.

"ಗುಂಪಿನವರಿಗೆ ಏನೆಂದೆ?"

"ನಮ್ಮೋರು ಸಿಕ್ಕುದ್ರು, ಇಳ್ಕಂಡ್ರು ಅಂದೆ. ನಂಬುದ್ರು."

"ಯಾವ ಸ್ಟೇಷನ್ನು?"

"ಗೊತ್ತಿಲ್ಲ."

"ಹೆಸರು ಬರೆದಿರುತ್ತಲ್ಲಮ್ಮ! ಹಳದಿ ಹಲಗೆ!"

"ಓದಕ್ ಬರಲ್ಲ ಬುದ್ಧಿ ನಂಗೆ."

ಗುಂತಕಲ್ಲಿನಿಂದ ಕಾಶಿಯವರೆಗಿನ ಸ್ಟೇಷನ್ನುಗಳು ಒಂದೊಂದಾಗಿ ರಂಗನಾಯಕನ ಕಣ್ಣ ಮುಂದೆ ಬಂದವು. ಯಾವುದೂ ಅಲ್ಲದಿರಬಹುದು, ಯಾವುದಾದರೂ ಆಗಿರಬಹುದು. ಕನ್ನಡ ಬಿಟ್ಟು ಬೇರೆ ಮಾತು ಬಾರದ, ಮೂರು ಮಾರಿನಾಚೆ ಏನೂ ಕಾಣದ ಒಬ್ಬ ಮುದುಕಿ. ಪುಣ್ಯಾತ್ಮರು ಯಾರೋ ಅನ್ನ ಹಾಕಿದ್ದರೆ ಬದುಕಿದ್ದಾಳು.

"ಹಂಗಾದ್ರೆ..." ಎಂದು ಶಿವಮಲ್ಲಪ್ಪ ಎದ್ದು ನಿಂತ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಪಾಪ, ದೊಡ್ಡವ್ವನ ನೆನಪಾಯಿತೇನೋ ಎಂದು ನಿಂಗಯ್ಯ ಅವನ ಭುಜ ಹಿಡಿದ.

"ಹಂಗಾದ್ರೆ ತ್ವಾಟ ನಮ್ಗೆ ಬರಲ್ವಾ ಸ್ವಾಮಿ?"

ನಿಂಗಯ್ಯ ಭುಜ ಬಿಟ್ಟು ಆ ಕೈಯನ್ನು ಪಂಚೆಗೆ ಒರೆಸಿಕೊಂಡ. ರಂಗನಾಯಕ ಅವನತ್ತ ತಿರುಗಿಯೂ ನೋಡಲಿಲ್ಲ.

"ಶಾಂತಮಲ್ಲಮ್ಮ, ಸರಿಯಾಗಿ ನೆನೆಸಿಕೋ. ಆ ಸ್ಟೇಷನ್ನಿನಲ್ಲಿ ಏನಿತ್ತು? ಮರ, ಗುಡಿ, ಬೆಟ್ಟ, ಏನಾದರೂ. ಇನ್ನೊಂದು ಸಲ ಕಂಡರೆ ಗುರುತು ಹಿಡಿಯುತ್ತೀಯಾ?"

"ಹಿಡೀತೀನಿ," ಎಂದಳು ಅವಳು ತಕ್ಷಣ. "ಎರಡ್ ಅರಳೀಮರ, ಬುಡಕ್ಕೆ ಕೆಂಪ್ ಕಟ್ಟೆ. ಪಕ್ಕದಲ್ಲಿ ಎಂಜಿನ್ಗೆ ನೀರ್ ಬುಡೋ ತೊಟ್ಟಿ, ಒಂದ್ ಕಾಲು ಮುರುದ್ ಕಲ್ ಬೆಂಚು."

"ಅಷ್ಟು ಚೆನ್ನಾಗಿ ಹೇಗೆ ನೆನಪಿದೆ? ರೈಲು ಬಿಟ್ಟಾಗ ಆ ಕಡೆ ನೋಡಲೇ ಇಲ್ಲ ಅಂದೆಯಲ್ಲ?"

ಶಾಂತಮಲ್ಲಮ್ಮ ಮೊದಲ ಬಾರಿಗೆ ತಲೆ ತಗ್ಗಿಸಿದಳು.

"ಬರೋವಾಗ ಅಲ್ಲೇ ನಿಂತ್ಕತು ಬುದ್ಧಿ. ಬೆಳಕರೀತಿತ್ತು. ಅತ್ತೆಮ್ಮ ಆ ಬೆಂಚಿನ್ ಮೇಲೆ ಕುಂತಿತ್ತು. ರೈಲ್ ಸದ್ದಿಗೆ ಎದ್ದು ಒಂದೊಂದ್ ಡಬ್ಬಿ ಹತ್ರಕೂ ಬಂದು 'ಶಾಂತಾ, ಶಾಂತಾ' ಅಂತ ಕೂಗ್ತಿತ್ತು. ನಾನ್ ಕುಂತಿದ್ ಕಡೀಕೂ ಬಂತು. ಕಂಬಿ ಮೇಲೆ ಕೈ ಮಡಗ್ತು."

"ನೀನೇನು ಮಾಡಿದೆ?"

"ಕಿಟ್ಕಿ ಬಾಗ್ಲ ಎಳ್ಕಂಡೆ."